ದಿಂಡೋಶಿ ಗುಡ್ಡಕ್ಕೆ ಬೆಂಕಿ ಬಿದ್ದಾಗ

2018ರ ಡಿಸೆಂಬರ್ 3, ಸೋಮವಾರ ಸಂಜೆ. ಮುಂಬಯಿಯ ಗೋರೆಗಾಂವ್ ಪೂರ್ವದ ದಿಂಡೋಶಿಯಲ್ಲಿ, ಇನ್ಫಿನಿಟಿ ಐಟಿ ಪಾರ್ಕ್ ಬಳಿಯ ಕಾಡುಗುಡ್ಡಕ್ಕೆ ಬೆಂಕಿ ಬಿತ್ತು. ಒಣಗಿದ ಹುಲ್ಲು, ಜತೆಗೆ ಗಾಳಿ. ಕತ್ತಲಾಗುವಷ್ಟರಲ್ಲಿ ಉರಿ ಆರೆ ಕಾಲೊನಿಯ ಕಡೆಗೆ ಹಬ್ಬಿತ್ತು. ಅಗ್ನಿಶಾಮಕ ವಾಹನಗಳು, ನೀರಿನ ಟ್ಯಾಂಕರುಗಳು ಧಾವಿಸಿ ಬಂದವು. ಆದರೆ ಗುಡ್ಡ ಹತ್ತಲು ರಸ್ತೆಯಿರಲಿಲ್ಲ. ಪೈಪು ಎಳೆದು, ಕಾಲ್ನಡಿಗೆಯಲ್ಲಿ ಏರಿ ಬೆಂಕಿಯನ್ನು ಹತೋಟಿಗೆ ತರುವಾಗ ಮಧ್ಯರಾತ್ರಿ ಆಗಿತ್ತು. ಪುಣ್ಯಕ್ಕೆ ಪ್ರಾಣಹಾನಿ ಆಗಲಿಲ್ಲ.

ಮುಂಬಯಿಯ ಅಗ್ನಿಶಾಮಕ ದಳ ಸಾಮಾನ್ಯ ಪಡೆಯಲ್ಲ. ಮೊದಲು ಪೊಲೀಸರ ಕೈಯಲ್ಲಿದ್ದ ಈ ಕೆಲಸ 1887ರಲ್ಲಿ ನಗರಪಾಲಿಕೆಗೆ ಬಂತು. ಹತ್ತಿಯ ಗೋದಾಮು, ಗಿರಣಿ, ಬಂದರು, ಆಮೇಲೆ ಗಗನಚುಂಬಿ ಕಟ್ಟಡ: ದಳ ಪಳಗಿದ್ದು ಇವುಗಳ ನಡುವೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ, ಸ್ಫೋಟಕ ಎರಡನ್ನೂ ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದಾಗ 66 ಅಗ್ನಿಶಾಮಕರು ಜೀವ ತೆತ್ತರು. ದೇಶ ಇಂದಿಗೂ ಆ ದಿನವನ್ನೇ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ. ಆದರೆ ಏಣಿ, ಪೈಪುಗಳ ಈ ವಿದ್ಯೆ ಹುಲ್ಲುಗುಡ್ಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಆರೆಯಲ್ಲಿ ಹುಲ್ಲಿಗೆ ದೊಡ್ಡ ಕಥೆಯೇ ಇದೆ. ನಗರದೊಳಗಿನ ಎಮ್ಮೆ ಕೊಟ್ಟಿಗೆಗಳನ್ನು ಹೊರಕ್ಕೆ ಸಾಗಿಸಲೆಂದು 1949ರಲ್ಲಿ ದಾರಾ ಖುರೋಡಿ ಅವರ ಮುತುವರ್ಜಿಯಲ್ಲಿ ಇಲ್ಲಿ ಹಾಲಿನ ಕಾಲೊನಿ ಹುಟ್ಟಿತು. ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಕೊಟ್ಟಿಗೆ, ಮೇವಿನ ಹೊಲ, ನೆಟ್ಟ ಮರ, ವಾರ್ಲಿ ಆದಿವಾಸಿಗಳ ಪಾಡಾಗಳು (ಹಾಡಿಗಳು). ಬೆನ್ನಿಗೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಡಿಸೆಂಬರಿಗೆ ಗರಿಗರಿ. ಆ ಕಾಲದಲ್ಲಿ ಸಿಡಿಲಿನ ಮಾತೇ ಇಲ್ಲ. ಕಿಡಿ ಬೀಳುವುದು ಬೀಡಿಯಿಂದಲೋ ಕಸ ಸುಡುವವರಿಂದಲೋ. ಜಾಗ ಕಬಳಿಸಲು ಯಾರೋ ಬೇಕೆಂದೇ ಹಚ್ಚಿದರು ಎಂಬ ಆರೋಪವೂ 2018ರಲ್ಲಿ ಕೇಳಿಬಂತು. ಚದರಡಿಗೆ ಚಿನ್ನದ ಬೆಲೆಯಿರುವ ಊರಿನಲ್ಲಿ ಅಂಥ ಅನುಮಾನ ಬಾರದಿದ್ದರೇ ಆಶ್ಚರ್ಯ.

ಇಂಥ ಕಡೆ ಕೆಲಸಕ್ಕೆ ಬರುವುದು ಕಾಡಿನವರ ಹಳೆಯ ಪಟ್ಟು. ಎಲೆ ತುಂಬಿದ ಹಸಿ ಕೊಂಬೆ ಮುರಿದು, ಸುಟ್ಟು ಕಪ್ಪಾದ ಬದಿಯಲ್ಲಿ ನಿಂತು, ಉರಿಯ ಅಂಚನ್ನು ಬಡಿಯಬೇಕು. ಕೊಂಬೆಯನ್ನು ತಲೆಯ ಮೇಲಕ್ಕೆ ಎತ್ತಿದರೆ ಕಿಡಿ ಹಾರಿ ಸುಡದ ಹುಲ್ಲಿನಲ್ಲಿ ಹೊಸ ಬೆಂಕಿ. ಒತ್ತಿ, ಒಳಗಡೆಗೆ ಎಳೆಯಬೇಕು. ಅದಕ್ಕೂ ಮೊದಲಿನ ಕೆಲಸ ಬೆಂಕಿರೇಖೆ: ಮಳೆ ನಿಂತ ಮೇಲೆ ಹುಲ್ಲು ಕೊಯ್ದು, ತರಗೆಲೆ ಗುಡಿಸಿ, ಬೆಂಕಿ ದಾಟದಂತೆ ಬಿಡುವ ಬೋಳು ಪಟ್ಟಿ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು ನಿಜ. ನೆಲದ ಮೇಲೆ ಸೊಪ್ಪು ಹಿಡಿದು ಬಡಿಯುವ ಕೆಲಸ ಅಲ್ಲೂ ತಪ್ಪಲಿಲ್ಲ.

2021ರಲ್ಲಿ ಆರೆಯ 812 ಎಕರೆ ಮೀಸಲು ಅರಣ್ಯವಾಗಿ ರಾಷ್ಟ್ರೀಯ ಉದ್ಯಾನದ ಸುಪರ್ದಿಗೆ ಬಂತು. ಆದರೂ ಬೆಂಕಿಯ ಭಯ ತಪ್ಪಿದ್ದಲ್ಲ: ಗೋರೆಗಾಂವ್, ಮಲಾಡ್ ಕಡೆಯ ಓದುಗರು ಗುಡ್ಡದಲ್ಲಿ ಹೊಗೆ ಕಂಡರೆ ಕತ್ತಲಾಗುವ ತನಕ ಕಾಯದೆ 101ಕ್ಕೆ ಕರೆ ಮಾಡಿ.