ರಜೆ ಯಾರಿಗೆ? ಅಂಗಡಿಯ ಬಾಗಿಲು ಮತ್ತು ಕೆಲಸದವರ ಹಕ್ಕು

ನಾನು ಬಂದ್ಯೋಡಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಸಾಹಿತ್ಯದವಳಿಗೆ ಕಾನೂನಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಮನೆಯಲ್ಲೇ ಉಂಟು. ನನ್ನ ಚಿಕ್ಕಮ್ಮ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್ ಕೆಲಸ ಮಾಡುತ್ತಾರೆ. ರಜೆಯ ದಿನ ಕೆಲಸ ಮಾಡಿದರೆ ಡಬಲ್ ಸಂಬಳ ಸಿಗ್ತದಾ ಅಂತ ಕೇಳಿದ್ದಕ್ಕೆ, "ಮಧ್ಯಾಹ್ನ ಬಿರಿಯಾನಿ ಕೊಡ್ತಾರೆ ಮಾರಾಯ್ತಿ" ಅಂದ್ರು. ಈ ಪ್ರಬಂಧ ಹುಟ್ಟಿದ್ದು ಆ ಉತ್ತರದಿಂದ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಬಂತು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಆ ಸರಕಾರದ ಕಾಲದ್ದು, 1958ರದ್ದು. ಗಣರಾಜ್ಯ ದಿನ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಜೊತೆಗೆ ಕೆಲವು ಹಬ್ಬಗಳಿಗೆ ಅದು ಸಂಬಳ ಸಹಿತ ರಜೆ ಕೊಟ್ಟಿತು. ಆ ದಿನ ದುಡಿದವರಿಗೆ ಎರಡು ಪಟ್ಟು ಕೂಲಿ, ಇಲ್ಲದಿದ್ದರೆ ಆ ದಿನದ ಸಂಬಳದೊಂದಿಗೆ ಬದಲಿ ರಜೆ. ತಲಪಾಡಿ ದಾಟಿದರೆ ಕರ್ನಾಟಕದ 1963ರ ಕಾಯ್ದೆ; ಅದರ ಪಟ್ಟಿಯಲ್ಲಿ ನವೆಂಬರ್ 1 ಸಹ ಉಂಟು. ಹಾಗಾಗಿ ಬಂದ್ಯೋಡಿನಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಒಂದು ರಜೆಪಟ್ಟಿ, ಉಪ್ಪಳಕ್ಕೆ ಹೋಗುವವರಿಗೆ ಇನ್ನೊಂದು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಈ ರಜೆ ಕೆಲಸದವರದ್ದು, ಅಂಗಡಿಯದ್ದಲ್ಲ. ವಾರದ ರಜೆಯ ಕತೆ ಬೇರೆ. ಕೇರಳದ 1960ರ ಅಂಗಡಿ ಕಾಯ್ದೆ ವಾರಕ್ಕೊಂದು ದಿನ ಅಂಗಡಿಯನ್ನೇ ಮುಚ್ಚಿಸುತ್ತಿತ್ತು. ಬಾಗಿಲು ಹಾಕಿದರೆ ಮುಗೀತು, ಗಿರಾಕಿಯೂ ಬರುವುದಿಲ್ಲ, ಕೆಲಸದವರು ಕೇಳಬೇಕಾಗಿಯೂ ಇಲ್ಲ. 2018ರ ತಿದ್ದುಪಡಿ ಇದನ್ನು ಬದಲಿಸಿತು: ಅಂಗಡಿ ವಾರವಿಡೀ ತೆರೆದಿರಬಹುದು, ಕೆಲಸದವರಿಗೆ ಸರದಿಯಲ್ಲಿ ಒಂದು ದಿನ ರಜೆ. ಅದೇ ತಿದ್ದುಪಡಿ ಕೂರುವ ಹಕ್ಕನ್ನೂ ಕೊಟ್ಟಿತು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು, 'ಪೆಣ್‌ಕೂಟ್ಟ್' ಸಂಘಟನೆ ಮತ್ತು ಪಿ. ವಿಜಿಯವರು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಒಂದು ಕೈಯಲ್ಲಿ ಕುರ್ಚಿ ಬಂತು, ಇನ್ನೊಂದು ಕೈಯಿಂದ ಮುಚ್ಚಿದ ಬಾಗಿಲು ಹೋಯಿತು.

ಈಗ ನಮ್ಮ ಅಭ್ಯಾಸಕ್ಕೆ ಬರೋಣ. ತಿರುವೋಣದ ಮುನ್ನಾದಿನ ಉತ್ರಾಡ. ಅದೂ ಕೇರಳದಲ್ಲಿ ಸರಕಾರಿ ರಜೆಯೇ. ಆದರೆ ಆ ದಿನದ ಓಡಾಟಕ್ಕೆ ಮಲಯಾಳದಲ್ಲಿ 'ಉತ್ರಾಡಪ್ಪಾಚ್ಚಿಲ್' ಅಂತ ಹೆಸರೇ ಉಂಟು. ನಮಗೆ ರಜೆ ಅಂದರೆ ಪೇಟೆಗೆ ಹೋಗುವ ದಿನ. ಅದೇ ದಿನ ಪೇಟೆಯಲ್ಲಿ ದುಡಿಯುವವರಿಗೆ ಅತಿ ಹೆಚ್ಚು ಕೆಲಸ.

ಚರ್ಚೆಯಲ್ಲಿ ಒಬ್ಬರು ಕೇಳಿದರು: ಗಿರಾಕಿಗಳು ಬಾರದಿದ್ದರೆ ಅವರ ಕೆಲಸಕ್ಕೇ ಕುತ್ತಲ್ಲವಾ? ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಹಬ್ಬಕ್ಕೆ ಬೇಕಾದ ಸೀರೆಯನ್ನು ನಾಲ್ಕು ದಿನ ಮೊದಲೂ ತರಬಹುದು. ವ್ಯಾಪಾರ ಹೋಗುವುದಿಲ್ಲ, ದಿನ ಬದಲಾಗುತ್ತದೆ ಅಷ್ಟೆ. ಆದರೂ ಗಿರಾಕಿಯ ಒಳ್ಳೆಯತನ ಹಕ್ಕಿಗೆ ಬದಲಿಯಲ್ಲ. ರಜೆಯ ದಿನ ದುಡಿದದ್ದು ರಿಜಿಸ್ಟರಿನಲ್ಲಿ ದಾಖಲಾಗಬೇಕು, ಅದಕ್ಕೆ ಹಣವೋ ಬದಲಿ ರಜೆಯೋ ಸಿಗಬೇಕು. ಚಿಕ್ಕಮ್ಮನಿಗೆ ಈ ಕಾಯ್ದೆಯ ವಿಷಯ ಹೇಳಿದೆ. "ಕೇಳುವವರು ಯಾರು? ಒಬ್ಬಳೇ ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ" ಅಂದರು. 1958ರ ಕಾಯ್ದೆ ಇವತ್ತು ನಿಂತಿರುವುದು ಆ 'ಒಬ್ಬಳೇ' ಎಂಬ ಮಾತಿನ ಎದುರು.