ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಭಾರಿ ಲಗೇಜ್ ಜೊತೆ ಪ್ರಯಾಣ: ರೈಲೋ, ಬಸ್ಸೋ, ಕಾರೋ?

ಮುಂಬೈನ ಸಿಎಸ್‌ಎಂಟಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಲು ಬಂದವರ ಬಳಿ ನಾಲ್ಕು ಸೂಟ್‌ಕೇಸ್ ಇದ್ದರೂ ಚಿಂತೆಯಿಲ್ಲ. ಕೆಂಪು ಅಂಗಿಯ ಕೂಲಿ ಬರುತ್ತಾರೆ, ಒಂದಿಷ್ಟು ಚೌಕಾಸಿ ನಡೆಯುತ್ತದೆ, ಐದೇ ನಿಮಿಷದಲ್ಲಿ ಲಗೇಜ್ ಸೀಟಿನ ಕೆಳಗೆ ಸೇರಿರುತ್ತದೆ. ಪ್ಯಾರಿಸ್‌ನ ಗಾರ್ ದು ನೋರ್ ನಿಲ್ದಾಣದಲ್ಲಿ ಆ ಕೆಂಪು ಅಂಗಿ ಕಾಣಿಸುವುದಿಲ್ಲ. ಅಲ್ಲಿ ಪೆಟ್ಟಿಗೆ ತಂದವರೇ ಅದನ್ನು ಎಳೆಯಬೇಕು, ಎತ್ತಬೇಕು, ಇಳಿಸಬೇಕು.

ಪ್ರವಾಸಕ್ಕೆ ಹೋಗುವವರಿಗಷ್ಟೇ ಎದುರಾಗುವ ಸಮಸ್ಯೆ ಇದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಓದಲು ಹೊರಟ ವಿದ್ಯಾರ್ಥಿ, ಮಗಳ ಬಾಣಂತನಕ್ಕೆಂದು ಚಟ್ನಿಪುಡಿ, ಹುರಿದ ರಾಗಿಹಿಟ್ಟು ಸಮೇತ ವಿಮಾನ ಹತ್ತಿದ ತಾಯಿ, ಟಿಕೆಟ್ ಅಗ್ಗವಾಯಿತೆಂದು ಪ್ಯಾರಿಸ್‌ಗೆ ಬಂದಿಳಿದ ಕುಟುಂಬ, ಎಲ್ಲರೂ ಒಂದಲ್ಲ ಒಂದು ದಿನ ಈ ಲೆಕ್ಕ ಹಾಕಲೇಬೇಕು. ತಲಾ 23 ಕೆ.ಜಿ.ಯ ಎರಡು ಸೂಟ್‌ಕೇಸ್‌ಗೆ ಅವಕಾಶವಿರುವ ವಿಮಾನ ಟಿಕೆಟ್‌ನಲ್ಲಿ ಗಂಡ-ಹೆಂಡತಿ ಬಂದರೆ ಒಟ್ಟು 92 ಕೆ.ಜಿ. ಆಗುತ್ತದೆ. ಮುಂದಿರುವುದು ರಸ್ತೆಯಲ್ಲಿ ಸುಮಾರು 500 ಕಿ.ಮೀ. ದಾರಿ.

ಟಿಕೆಟ್ ದರ ಮತ್ತು ಪ್ರಯಾಣದ ಸಮಯ, ಇವೆರಡನ್ನೇ ನೋಡಿ ನಿರ್ಧರಿಸುವವರೇ ಹೆಚ್ಚು. ಭಾರವಿದ್ದಾಗ ನೋಡಬೇಕಾದ ಮೂರನೆಯ ಸಂಖ್ಯೆ ಒಂದಿದೆ: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಸೂಟ್‌ಕೇಸನ್ನು ಎಷ್ಟು ಬಾರಿ ಕೈಯಿಂದ ಎತ್ತಬೇಕಾಗುತ್ತದೆ? ಚಕ್ರದ ಮೇಲೆ ಎಳೆಯುವುದು ಲೆಕ್ಕಕ್ಕಿಲ್ಲ. ಮೆಟ್ಟಿಲು, ಬೋಗಿಯ ಬಾಗಿಲು, ಲಗೇಜ್ ರ‍್ಯಾಕ್, ಕಾರಿನ ಡಿಕ್ಕಿ, ಇವು ಲೆಕ್ಕಕ್ಕೆ ಬರುತ್ತವೆ.

ನೇರ ರೈಲು: ವೇಗವಿದೆ, ಎತ್ತುವ ಕೆಲಸವೂ ಇದೆ

ಎರಡು ನಗರಗಳ ನಡುವಿನ ನೇರ ಹೈಸ್ಪೀಡ್ ರೈಲು ಯೂರೋಸ್ಟಾರ್. ಹಳಬರಿಗೆ ಇದು ಥಾಲಿಸ್ ಎಂದೇ ನೆನಪು. 2023ರಲ್ಲಿ ಥಾಲಿಸ್ ಹೆಸರು ಹೋಗಿ ಯೂರೋಸ್ಟಾರ್ ಆಯಿತು. ಬ್ರಸೆಲ್ಸ್, ಆಂಟ್ವರ್ಪ್, ರಾಟರ್‌ಡ್ಯಾಮ್, ಸ್ಕಿಪೋಲ್ ವಿಮಾನ ನಿಲ್ದಾಣದ ಮೂಲಕ ಸುಮಾರು 3 ಗಂಟೆ 20 ನಿಮಿಷದಲ್ಲಿ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್ ತಲುಪಿಸುತ್ತದೆ. ತಿಂಗಳುಗಳ ಮೊದಲೇ ಬುಕ್ ಮಾಡಿದರೆ 35 ಯೂರೊ ಆಸುಪಾಸಿಗೆ ಸಿಗುವ ಟಿಕೆಟ್, ಕೊನೆ ಗಳಿಗೆಯಲ್ಲಿ 100 ಯೂರೊ ದಾಟುವುದು ಮಾಮೂಲು.

ಸ್ಟ್ಯಾಂಡರ್ಡ್ ಟಿಕೆಟ್‌ನಲ್ಲಿ ಒಬ್ಬರಿಗೆ 85 ಸೆಂ.ಮೀ. ಉದ್ದದವರೆಗಿನ ಎರಡು ಸೂಟ್‌ಕೇಸ್, ಜೊತೆಗೊಂದು ಸಣ್ಣ ಕೈಚೀಲ ಒಯ್ಯಬಹುದು. ಪ್ರತಿ ಪೆಟ್ಟಿಗೆಯ ಮೇಲೂ ಹೆಸರಿನ ಚೀಟಿ ಇರಬೇಕು. ತೂಕಕ್ಕೆ ಮಿತಿಯಿಲ್ಲ. ನಮ್ಮ ರೈಲ್ವೆಯಲ್ಲಿ ಇದಕ್ಕೆ ತದ್ವಿರುದ್ಧ: ಸ್ಲೀಪರ್‌ಗೆ 40 ಕೆ.ಜಿ., ಎಸಿ ಟೂ ಟಯರ್‌ಗೆ 50 ಕೆ.ಜಿ. ಎಂಬ ನಿಯಮವಿದ್ದರೂ ತೂಗಿ ನೋಡುವವರು ಅಪರೂಪ. ಯುರೋಪಿನಲ್ಲಿ ಯಾರೂ ತೂಗುವುದಿಲ್ಲ. ನಿಮ್ಮ ಲಗೇಜ್ ನೀವೇ ಎತ್ತಬಲ್ಲಿರಾದರೆ ತನ್ನಿ ಎಂಬುದಷ್ಟೇ ಷರತ್ತು.

ಆ ಷರತ್ತು ಸಣ್ಣದಲ್ಲ. ಬೋಗಿಯ ಬಾಗಿಲಲ್ಲಿ ಮೆಟ್ಟಿಲುಗಳಿವೆ, ಹಾಗಾಗಿ ಅಲ್ಲಿ ಒಮ್ಮೆ ಎತ್ತಬೇಕು. ದೊಡ್ಡ ಸೂಟ್‌ಕೇಸ್ ಇಡುವ ರ‍್ಯಾಕ್ ಬೋಗಿಯ ತುದಿಯಲ್ಲಿದೆ. ಅದರ ಕೆಳಗಿನ ಅಂತಸ್ತು ಮೊದಲು ಬಂದವರಿಗೆ ಸಿಗುತ್ತದೆ, ತಡವಾಗಿ ಬಂದವರು 23 ಕೆ.ಜಿ.ಯನ್ನು ಎದೆಮಟ್ಟಕ್ಕೆ ಎತ್ತಬೇಕು. ಇಳಿಯುವಾಗ ಮತ್ತೆರಡು ಬಾರಿ ಅದೇ ಕೆಲಸ. ಅಂದರೆ ಒಂದು ಪೆಟ್ಟಿಗೆಗೆ ನಾಲ್ಕು ಬಾರಿ, ನಾಲ್ಕು ಪೆಟ್ಟಿಗೆಗೆ ಹದಿನಾರು ಬಾರಿ. ಅರವತ್ತು ದಾಟಿದ ದಂಪತಿ, ರಾತ್ರಿಯಿಡೀ ವಿಮಾನದಲ್ಲಿ ಕುಳಿತು ಬಂದ ಮೇಲೆ, ಈ ಹದಿನಾರರ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಸಮಯದ ಒತ್ತಡ ಬೇರೆ. ಪ್ಯಾರಿಸ್‌ನ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಸಾಮಾನ್ಯವಾಗಿ ರೈಲು ಹೊರಡುವ 20 ನಿಮಿಷ ಮೊದಲಷ್ಟೇ ಬೋರ್ಡ್‌ನಲ್ಲಿ ಕಾಣಿಸುತ್ತದೆ, ಬಾಗಿಲು ಹೊರಡುವ 2 ನಿಮಿಷ ಮೊದಲೇ ಮುಚ್ಚುತ್ತದೆ. ಎರಡು ರೈಲುಗಳನ್ನು ಜೋಡಿಸಿ ಓಡಿಸುವಾಗ ಉದ್ದ ಸುಮಾರು 400 ಮೀಟರ್ ಆಗುತ್ತದೆ. ನಿಮ್ಮ ಬೋಗಿ ಆ ತುದಿಯಲ್ಲಿದ್ದರೆ ಅಷ್ಟೂ ದೂರ ಎಳೆದುಕೊಂಡೇ ನಡೆಯಬೇಕು. ಬೇರೆ ಬೋಗಿ ಹತ್ತಿ ಒಳಗಿನಿಂದ ಹೋಗೋಣವೆಂದರೆ ದೊಡ್ಡ ಸೂಟ್‌ಕೇಸ್ ಹಿಡಿದು ಆ ಕಿರಿದಾದ ನಡುದಾರಿಯಲ್ಲಿ ಸಾಗುವುದು ಕಷ್ಟ, ಜೋಡಿಸಿದ ಎರಡು ರೈಲುಗಳ ನಡುವೆಯಂತೂ ಒಳದಾರಿಯೇ ಇಲ್ಲ.

ಇಳಿಯುವ ಊರು ಆಮ್‌ಸ್ಟರ್‌ಡ್ಯಾಮ್ ಆದರೆ ಒಂದು ಅನುಕೂಲವಿದೆ, ಅದು ಕೊನೆಯ ನಿಲ್ದಾಣ. ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿಯಬಹುದು. ರಾಟರ್‌ಡ್ಯಾಮ್ ಅಥವಾ ಸ್ಕಿಪೋಲ್‌ನಲ್ಲಿ ಇಳಿಯುವವರಿಗೆ ಆ ಭಾಗ್ಯವಿಲ್ಲ. ಅಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ, ಆದ್ದರಿಂದ ನಿಲ್ದಾಣ ಬರುವ ಹತ್ತು ನಿಮಿಷ ಮೊದಲೇ ಪೆಟ್ಟಿಗೆಗಳನ್ನು ಬಾಗಿಲ ಬಳಿ ತಂದಿಟ್ಟುಕೊಳ್ಳಬೇಕು. ಇಬ್ಬರಿದ್ದರೆ ಒಬ್ಬರು ಕೆಳಗೆ, ಒಬ್ಬರು ಮೇಲೆ ನಿಂತು ದಾಟಿಸುವುದು ಸುಲಭ.

ಕಳ್ಳತನದ ಭಯವನ್ನೂ ಮರೆಯುವಂತಿಲ್ಲ. ರ‍್ಯಾಕ್ ಬಾಗಿಲ ಪಕ್ಕದಲ್ಲೇ ಇರುವುದರಿಂದ ನಡುವಿನ ನಿಲ್ದಾಣದಲ್ಲಿ ಇನ್ನೊಬ್ಬರ ಪೆಟ್ಟಿಗೆ ಎತ್ತಿಕೊಂಡು ಇಳಿಯುವುದು ಕಷ್ಟದ ಕೆಲಸವಲ್ಲ. ಬ್ರಸೆಲ್ಸ್ ಬಂದಾಗ ಒಬ್ಬರು ಎದ್ದು ಹೋಗಿ ರ‍್ಯಾಕ್ ಬಳಿ ನಿಂತರೆ ಸಾಕು. ಸಣ್ಣ ಸರಪಳಿ ಬೀಗವಿದ್ದರೆ ಇನ್ನೂ ನೆಮ್ಮದಿ. ಪಾಸ್‌ಪೋರ್ಟ್, ಔಷಧಿ, ಒಡವೆ ದೊಡ್ಡ ಪೆಟ್ಟಿಗೆಯಲ್ಲಿ ಬೇಡವೇ ಬೇಡ. ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮೂರೂ ಷೆಂಗೆನ್ ದೇಶಗಳಾದರೂ ರೈಲಿನಲ್ಲಿ ಪೊಲೀಸರು ಪಾಸ್‌ಪೋರ್ಟ್ ಕೇಳುವುದುಂಟು.

ಬ್ರಸೆಲ್ಸ್‌ನಲ್ಲಿ ಬದಲಾಯಿಸುವ ಅಗ್ಗದ ದಾರಿ

ಹಣ ಉಳಿಸಲು ಕೆಲವರು ದಾರಿಯನ್ನು ಎರಡು ತುಂಡು ಮಾಡುತ್ತಾರೆ. ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ 2024ರ ಡಿಸೆಂಬರ್‌ನಲ್ಲಿ ಶುರುವಾದ ವೀಗೊ ಕಂಪನಿಯ ಅಗ್ಗದ ರೈಲು ಸುಮಾರು 3 ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿಂದ ಯೂರೋಸಿಟಿ ಡೈರೆಕ್ಟ್ ಹತ್ತಿದರೆ ಸುಮಾರು 2 ಗಂಟೆಯಲ್ಲಿ ಆಮ್‌ಸ್ಟರ್‌ಡ್ಯಾಮ್. ಆದರೆ ಅದು ಮುಟ್ಟಿಸುವುದು ಊರಿನ ದಕ್ಷಿಣದ ಜೌಡ್ ನಿಲ್ದಾಣಕ್ಕೆ, ಸೆಂಟ್ರಾಲ್‌ಗೆ ಅಲ್ಲ.

ಬೆನ್ನಚೀಲ ಮಾತ್ರ ಇರುವ ಹುಡುಗರಿಗೆ ಇದು ಸರಿ. ಭಾರವಿದ್ದವರಿಗೆ ಎತ್ತುವ ಲೆಕ್ಕ ಇಲ್ಲಿ ನೇರವಾಗಿ ದುಪ್ಪಟ್ಟಾಗುತ್ತದೆ. ಮೇಲಾಗಿ ವೀಗೊ ಟಿಕೆಟ್ ದರದಲ್ಲಿ ಸೇರಿರುವುದು ಒಂದು ಕ್ಯಾಬಿನ್ ಬ್ಯಾಗ್ ಮತ್ತು ಒಂದು ಕೈಚೀಲ ಮಾತ್ರ, ದೊಡ್ಡ ಪೆಟ್ಟಿಗೆಗೆ ಬೇರೆ ಹಣ ಕೊಡಬೇಕು. ಉಳಿಸಿದೆವೆಂದುಕೊಂಡ ಹಣದ ಒಂದು ಪಾಲು ಅಲ್ಲೇ ಹೋಯಿತು.

ಬಸ್: ಎತ್ತುವುದು ಕಡಿಮೆ, ಆದರೆ ಆ 3 ಕೆ.ಜಿ.

ಅಚ್ಚರಿಯೆನಿಸಬಹುದು, ಸೊಂಟಕ್ಕೆ ಅತಿ ಕಡಿಮೆ ತ್ರಾಸ ಕೊಡುವುದು ಬಸ್. ಲಗೇಜ್ ಹೋಗುವುದು ಬಸ್ಸಿನ ಹೊಟ್ಟೆಯೊಳಗೆ. ಮೊಣಕಾಲಿನ ಎತ್ತರಕ್ಕೆ ಎತ್ತಿ ಒಳಗೆ ತಳ್ಳಿದರಾಯಿತು, ರ‍್ಯಾಕ್ ಹುಡುಕುವ ಗೋಜಿಲ್ಲ. ನಮ್ಮ ಬೆಂಗಳೂರು-ಮುಂಬೈ ಸ್ಲೀಪರ್ ಬಸ್‌ಗಳ ಡಿಕ್ಕಿಯಂತೆಯೇ. ಮೊದಲೇ ಬುಕ್ ಮಾಡಿದರೆ ದರವೂ ರೈಲಿಗಿಂತ ಸಾಕಷ್ಟು ಕಡಿಮೆ. ಪ್ರಯಾಣ ಮಾತ್ರ ಏಳರಿಂದ ಒಂಬತ್ತು ಗಂಟೆ.

ತೊಡಕಿರುವುದು ತೂಕದಲ್ಲಿ. ಈ ಮಾರ್ಗದಲ್ಲಿ ಓಡುವ ಫ್ಲಿಕ್ಸ್‌ಬಸ್‌ನಲ್ಲಿ ಒಂದು ಟಿಕೆಟ್‌ಗೆ 80×50×30 ಸೆಂ.ಮೀ. ಅಳತೆಯ, 20 ಕೆ.ಜಿ. ಮೀರದ ಒಂದು ಪೆಟ್ಟಿಗೆ ಮತ್ತು 7 ಕೆ.ಜಿ.ಯ ಕೈಚೀಲ ಉಚಿತ. ವಿಮಾನದಲ್ಲಿ ಸಲೀಸಾಗಿ ಬಂದ 23 ಕೆ.ಜಿ. ಪೆಟ್ಟಿಗೆ ಅಳತೆಯಲ್ಲಿ ಪಾಸಾದರೂ ತೂಕದಲ್ಲಿ 3 ಕೆ.ಜಿ. ಹೆಚ್ಚಾಯಿತು! ಎರಡನೇ ಪೆಟ್ಟಿಗೆಗೆ ಹಣ ಕೊಟ್ಟು ಮುಂಚೆಯೇ ಬುಕ್ ಮಾಡಬೇಕು. ಬಸ್ ಬಾಗಿಲಲ್ಲಿ ಕೇಳಿಕೊಂಡರೆ ಆಗುವುದು, ಬಿಡುವುದು ಅಂದಿನ ಜಾಗ ಮತ್ತು ಚಾಲಕನ ಮರ್ಜಿ. ಬಸ್ ಬಿಡುವುದೆಂದು ತಿಳಿದಿದ್ದರೆ ಊರಿನಲ್ಲೇ 20 ಕೆ.ಜಿ.ಗೆ ತೂಗಿ ಕಟ್ಟುವುದು ಜಾಣತನ.

ಬಸ್ ಹೊರಡುವ ಜಾಗವನ್ನೂ ಗಮನಿಸಬೇಕು. ಪ್ಯಾರಿಸ್‌ನ ಮುಖ್ಯ ಬಸ್ ನಿಲ್ದಾಣ ಬೆರ್ಸಿ ಸೆನ್. ಇದು ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡಿಲ್ಲ, ಉದ್ಯಾನದ ಪಕ್ಕ ಸ್ವಲ್ಪ ದೂರ ನಡೆಯಬೇಕು. ವಿಮಾನದಿಂದ ನೇರವಾಗಿ ಬರುವವರು ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದಿಂದಲೇ ಹೊರಡುವ ಬಸ್ ಇದೆಯೇ ಎಂದು ಮೊದಲು ನೋಡುವುದು ಲೇಸು. ಸಿಕ್ಕರೆ ಪ್ಯಾರಿಸ್ ನಗರದೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಸ್ ನಿಲ್ಲುವುದು ಸ್ಲೋಟರ್‌ಡೈಕ್‌ನಲ್ಲಿ, ಅಲ್ಲಿಂದ ಸೆಂಟ್ರಾಲ್‌ಗೆ ಲೋಕಲ್ ರೈಲಿನಲ್ಲಿ ಕೆಲವೇ ನಿಮಿಷ. ನಡುರಾತ್ರಿ ತಲುಪುವ ಬಸ್ ಆರಿಸಿಕೊಂಡರೆ ಮಾತ್ರ ಪೆಟ್ಟಿಗೆಗಳ ಮೇಲೆ ಕುಳಿತು ಬೆಳಕು ಹರಿಯುವುದನ್ನು ಕಾಯಬೇಕಾದೀತು.

ಕಾರು: ನಾಲ್ಕು ಜನ ಸರಿ, ನಾಲ್ಕು ಪೆಟ್ಟಿಗೆ?

ನಾಲ್ವರ ಕುಟುಂಬಕ್ಕೆ ಬಾಡಿಗೆ ಕಾರು ಆಕರ್ಷಕವಾಗಿ ಕಾಣುತ್ತದೆ. ಆದರೆ ಐದು ಸೀಟಿನ ಸಾಮಾನ್ಯ ಕಾರಿನ ಡಿಕ್ಕಿಗೆ ದೊಡ್ಡ ಸೂಟ್‌ಕೇಸ್ ಎರಡು ಹಿಡಿಸಿದರೆ ಹೆಚ್ಚು, ಹಾಗಾಗಿ ದೊಡ್ಡ ಗಾಡಿಯೇ ಬೇಕು. ಒಂದು ದೇಶದಲ್ಲಿ ಪಡೆದು ಇನ್ನೊಂದು ದೇಶದಲ್ಲಿ ಬಿಟ್ಟರೆ ಕಂಪನಿಗಳು ವಿಧಿಸುವ ಒನ್ ವೇ ಶುಲ್ಕ ಹಲವೊಮ್ಮೆ ಬಾಡಿಗೆಯನ್ನೇ ಮೀರುತ್ತದೆ. ವೆಬ್‌ಸೈಟ್‌ನ ಮೊದಲ ಪುಟದಲ್ಲಿ ಕಾಣುವ ದರವನ್ನು ನಂಬಿ ಕೂರುವಂತಿಲ್ಲ.

ಭಾರತೀಯ ಲೈಸೆನ್ಸ್ ಜೊತೆ ಇಲ್ಲಿನ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಇಟ್ಟುಕೊಂಡಿರಬೇಕು. ಫ್ರಾನ್ಸ್‌ನ ಹೆದ್ದಾರಿಯಲ್ಲಿ ಟೋಲ್ ಇದೆ. ವೇಗದ ಮಿತಿ ಫ್ರಾನ್ಸ್‌ನಲ್ಲಿ ಗಂಟೆಗೆ 130, ಬೆಲ್ಜಿಯಂನಲ್ಲಿ 120, ನೆದರ್‌ಲ್ಯಾಂಡ್ಸ್‌ನ ಹೆಚ್ಚಿನ ಹೆದ್ದಾರಿಗಳಲ್ಲಿ ಹಗಲಲ್ಲಿ 100 ಕಿ.ಮೀ. ಬ್ರಸೆಲ್ಸ್, ಆಂಟ್ವರ್ಪ್ ನಗರಗಳೊಳಗೆ ಹೊಗೆ ನಿಯಂತ್ರಣ ವಲಯಗಳಿದ್ದು, ಹೊರದೇಶದ ವಾಹನಗಳಿಗೆ ನೋಂದಣಿ ಬೇಕಾಗುತ್ತದೆ. ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು, ಅದೂ ಎಂಟೊಂಬತ್ತು ಗಂಟೆ ವಿಮಾನದಲ್ಲಿ ಕುಳಿತು ಬಂದ ದಿನವೇ, ಮೊದಲ ಬಾರಿಗೆ ಪ್ರಯತ್ನಿಸುವುದು ಖಂಡಿತ ಬೇಡ. ಐದಾರು ಜನರಿದ್ದು, ಎಂಟು ಪೆಟ್ಟಿಗೆಗಳಿದ್ದರೆ ಚಾಲಕ ಸಮೇತ ವ್ಯಾನ್ ಮೊದಲೇ ಗೊತ್ತುಮಾಡುವುದು ದುಬಾರಿಯಾದರೂ, ತಲೆಗೆ ಹಂಚಿದಾಗ ಕೊನೆ ಗಳಿಗೆಯ ರೈಲು ಟಿಕೆಟ್‌ಗಳ ಜೊತೆ ಹೋಲಿಸಿ ನೋಡುವ ಮಟ್ಟಕ್ಕೆ ಇಳಿಯಬಹುದು.

ಸೊಂಟ ಹಿಡಿಯುವುದು ಎರಡು ತುದಿಗಳಲ್ಲಿ

ಹೆಚ್ಚಿನವರು ಎಡವುವುದು 500 ಕಿ.ಮೀ.ಯಲ್ಲಿ ಅಲ್ಲ, ಮೊದಲ ಮತ್ತು ಕೊನೆಯ ಐದಾರು ಕಿ.ಮೀ.ಯಲ್ಲಿ. ಪ್ಯಾರಿಸ್ ಮೆಟ್ರೊ ಹಳೆಯದು. ಪೂರ್ತಿ ಮೆಟ್ಟಿಲುರಹಿತವಾಗಿರುವುದು 14ನೇ ಮಾರ್ಗ, ಉಳಿದ ಹೆಚ್ಚಿನ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮ್ಯಾಪ್‌ನಲ್ಲಿ 'ಒಂದೇ ಬದಲಾವಣೆ' ಎಂದು ತೋರಿಸುವ ಕಡೆ ನೂರು ಮೆಟ್ಟಿಲು ಕಾದಿರಬಹುದು.

ವಿಮಾನ ನಿಲ್ದಾಣದಿಂದ ಗಾರ್ ದು ನೋರ್‌ಗೆ ಆರ್‌ಇಆರ್ ಬಿ ರೈಲು ಅರ್ಧ ಗಂಟೆ, 2025ರಲ್ಲಿ ತಲಾ 13 ಯೂರೊ. ಟ್ಯಾಕ್ಸಿಗೆ ಸರ್ಕಾರ ನಿಗದಿಪಡಿಸಿದ ದರ ಅದೇ ವರ್ಷ ಸೆನ್ ನದಿಯ ಉತ್ತರ ದಂಡೆಗೆ 56 ಯೂರೊ, ದಕ್ಷಿಣ ದಂಡೆಗೆ 65 ಯೂರೊ. ಗಾರ್ ದು ನೋರ್ ಇರುವುದು ಉತ್ತರ ದಂಡೆಯಲ್ಲಿ, ಲಗೇಜ್‌ಗೆ ಪ್ರತ್ಯೇಕ ದರವಿಲ್ಲ. ಇಬ್ಬರಿಗೆ 26ರ ಬದಲು 56 ಯೂರೊ. ಹೆಚ್ಚುವರಿ 30 ಯೂರೊಗೆ ನೆಲದಡಿಯ ನಿಲ್ದಾಣ, ಕಿರಿದಾದ ಗೇಟು, ಜನಸಂದಣಿ ಎಲ್ಲ ತಪ್ಪುತ್ತದೆ. ಈ ಇಡೀ ಪ್ರಯಾಣದಲ್ಲಿ ಧಾರಾಳವಾಗಿ ಖರ್ಚು ಮಾಡಬೇಕಾದ ಜಾಗವಿದ್ದರೆ ಅದು ಇದೇ. ಟರ್ಮಿನಲ್ ಒಳಗೇ ಬಂದು 'ಟ್ಯಾಕ್ಸಿ, ಟ್ಯಾಕ್ಸಿ' ಎನ್ನುವವರನ್ನು ದಾಟಿ ಹೊರಗಿನ ಅಧಿಕೃತ ಸಾಲಿಗೆ ಹೋಗಬೇಕು.

ವಿಮಾನ ಇಳಿಯುವ ಸಮಯ ಮತ್ತು ರೈಲಿನ ನಡುವೆ ಕನಿಷ್ಠ ಮೂರು ಗಂಟೆ, ಸಾಧ್ಯವಾದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಸಮಯ ಉಳಿದರೆ ಗಾರ್ ದು ನೋರ್‌ನಲ್ಲಿ ಲಗೇಜ್ ಲಾಕರ್‌ಗಳಿವೆ. ವಯಸ್ಸಾದವರು, ನಡೆಯಲು ಕಷ್ಟವಿರುವವರು ಮುಂಚಿತವಾಗಿ ಕೋರಿದರೆ ನಿಲ್ದಾಣದ ಸಿಬ್ಬಂದಿ ಗಾಲಿಕುರ್ಚಿಯಲ್ಲಿ ಬೋಗಿಯವರೆಗೆ ಉಚಿತವಾಗಿ ಕರೆದೊಯ್ಯುತ್ತಾರೆ. ಅದು ಜನರಿಗಾಗಿ ಇರುವ ಸೇವೆ, ನಾಲ್ಕು ಪೆಟ್ಟಿಗೆ ಹೊರಿಸಲು ಅಲ್ಲ.

ಭಾರವನ್ನು ಊರಿನಲ್ಲೇ ಇಳಿಸುವ ದಾರಿಯೂ ಇದೆ. ತುಪ್ಪ, ಪನೀರ್‌ನಂಥ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ತರುವಂತಿಲ್ಲ, ಕಸ್ಟಮ್ಸ್‌ನವರು ಕಂಡರೆ ತೆಗೆದುಹಾಕುತ್ತಾರೆ. ಅಕ್ಕಿ, ಬೇಳೆ ನೆದರ್‌ಲ್ಯಾಂಡ್ಸ್‌ನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ. ಒಂದು 30 ಕೆ.ಜಿ.ಯ ದೈತ್ಯ ಪೆಟ್ಟಿಗೆಗಿಂತ 15 ಕೆ.ಜಿ.ಯ ಎರಡು ಪೆಟ್ಟಿಗೆ ಎತ್ತುವುದು ಸುಲಭ. ಪ್ಯಾರಿಸ್ ನೋಡುವ ಆಸೆ ಇಲ್ಲದವರು ಈ ತಾಪತ್ರಯಕ್ಕೆ ಕೈಹಾಕಲೇ ಬೇಕಿಲ್ಲ. ಮುಂಬೈ, ದೆಹಲಿಯಿಂದ ಆಮ್‌ಸ್ಟರ್‌ಡ್ಯಾಮ್‌ಗೇ ನೇರ ವಿಮಾನಗಳಿವೆ. ಎರಡೂ ನೋಡಬೇಕೆಂದರೆ ಪ್ಯಾರಿಸ್‌ನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್‌ನಿಂದ ಮರಳುವ ಮಲ್ಟಿ ಸಿಟಿ ಟಿಕೆಟ್ ತೆಗೆದುಕೊಂಡರೆ ಅದೇ ದಾರಿಯಲ್ಲಿ ವಾಪಸು ಎಳೆಯುವುದು ತಪ್ಪುತ್ತದೆ.

ಒಟ್ಟಾರೆ, ಇಬ್ಬರು ಹಿರಿಯರಿಗೆ ಎರಡೂ ತುದಿಗೆ ಟ್ಯಾಕ್ಸಿ, ನಡುವೆ ನೇರ ರೈಲು. ತೂಕ ಸರಿದೂಗಿಸಿಕೊಂಡ ವಿದ್ಯಾರ್ಥಿಗೆ ಹಗಲಿನ ಬಸ್. ದೊಡ್ಡ ಕುಟುಂಬಕ್ಕೆ ವ್ಯಾನ್.

ಇನ್ನೊಂದು ವಿಷಯವನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೋಣೆ ಬುಕ್ ಮಾಡುವ ಮೊದಲೇ ಕೇಳಬೇಕು. ಅಲ್ಲಿನ ಕಾಲುವೆ ಬದಿಯ ಹಳೆಯ ಮನೆಗಳ ಮೆಟ್ಟಿಲುಗಳು ಏಣಿಯಷ್ಟು ಕಡಿದು, ಅಷ್ಟೇ ಕಿರಿದು. ಪೀಠೋಪಕರಣ ಒಳಗಿನಿಂದ ಹೋಗುವುದಿಲ್ಲವೆಂದೇ ಮನೆಯ ನೆತ್ತಿಯಲ್ಲಿ ಕೊಕ್ಕೆ ಹಾಕಿ, ಹಗ್ಗ ಕಟ್ಟಿ, ಕಿಟಕಿಯಿಂದ ಒಳಗೆಳೆಯುವ ಪದ್ಧತಿ ಅಲ್ಲಿದೆ. ಆ ಕೊಕ್ಕೆಗಳನ್ನು ಇಂದಿಗೂ ಸಾಲುಸಾಲು ಮನೆಗಳ ಮೇಲೆ ಕಾಣಬಹುದು. ಕೋಣೆ ಎಷ್ಟನೇ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ ಎಂದು ಒಂದು ಸಾಲು ಬರೆದು ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟಿ.