ನಮ್ಮ ಮನೆಯ ಕಡತ: ಒಂದು ಪರಿಧಾವಿ ಸಂವತ್ಸರದ ಕಾಲನಿರ್ಣಯ

ನಾನು ಇವತ್ತು ಮಾತಾಡೋದು ನಮ್ಮ ಮನೆಯ ಒಂದು ಕಡತದ ಬಗ್ಗೆ. ನಮ್ಮದು ಸೇಲಂ ಹತ್ತಿರದ ದೇವಾಂಗ ನೇಕಾರರ ಮನೆ. ಮನೆಮಾತು ಕನ್ನಡ, ಓದು-ಬರಹ ತಮಿಳು. ಮನೆ ಭಾಗವಾದಾಗ ಕಳೆದೇಹೋಯಿತು ಅಂದುಕೊಂಡಿದ್ದ ಈ ಕಡತ ಹೋದ ವರ್ಷ ಅಟ್ಟದ ಮೇಲೆ, ಹಳೆಯ ಮಗ್ಗದ ಸಾಮಾನಿನ ನಡುವೆ ಸಿಕ್ಕಿತು. "ಟಿಪ್ಪು ಕಾಲದ್ದು ಕಣಪ್ಪ, ನಮಗೆ ಕೊಟ್ಟ ಸನ್ನದು" ಅಂತ ಅಜ್ಜಿ ಕಣ್ಣಿಗೊತ್ತಿಕೊಂಡರು. ಅದನ್ನು ಓದೋಕೆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಕಡತ ಅಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದು. ಆ ಅನುಕೂಲವೇ ನಮಗೆ ಅಪಾಯ: ಪೂಜೆಯಲ್ಲಿ ಅರಿಸಿನ-ಕುಂಕುಮ ಬಿದ್ದ ಎರಡು ಮಡಿಕೆಗಳಲ್ಲಿ ಅಕ್ಷರ ಹೋಗಿಬಿಟ್ಟಿದೆ.

ಉಳಿದದ್ದು ಮೋಡಿ ಬರಹ. ಓದಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದು ಸನ್ನದು ಅಲ್ಲ. ನೂಲು, ಸೀರೆ, ಧರ್ಮಪುರಿ ಸಂತೆಯ ಬಾಕಿ, ಇಷ್ಟೇ. ಕಾಲ ಅಂತ ಬರೆದಿರುವುದು "ಪರಿಧಾವಿ ಸಂವತ್ಸರ" ಮಾತ್ರ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಇದು 1792, 1852 ಅಥವಾ 1912 ಆಗಬಹುದು.

1792 ಅಂದರೆ ಅಜ್ಜಿಯ ಮಾತಿಗೆ ಬಹಳ ಹತ್ತಿರ. ಆ ವರ್ಷ ಮಾರ್ಚಿನಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದಂತೆ, ಟಿಪ್ಪು ಸೇಲಂ ಮತ್ತು ಬಾರಾಮಹಲ್ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅದೇ ತಿಂಗಳು ಪರಿಧಾವಿ ಶುರುವಾಯಿತು. ನನಗೂ ಇದೇ ಇರಲಿ ಅಂತ ಆಸೆಯಿತ್ತು. ಆದರೆ ಕಡತದ ಲೆಕ್ಕವೆಲ್ಲ ರೂಪಾಯಿ-ಆಣೆಯಲ್ಲಿದೆ. ಆ ಕಾಲದ ನಮ್ಮ ಸೀಮೆಯಲ್ಲಿ ಲೆಕ್ಕ ನಡೆಯುತ್ತಿದ್ದದ್ದು ವರಹ-ಹಣಗಳಲ್ಲಿ. ಮದರಾಸು ಆಡಳಿತ ರೂಪಾಯಿಯನ್ನು ಲೆಕ್ಕದ ನಾಣ್ಯ ಮಾಡಿದ್ದು 1818ರಲ್ಲಿ. ಹಾಗಾಗಿ 1792 ಬಿಡಬೇಕಾಯಿತು. ಇನ್ನು 1912: ಲೆಕ್ಕ ಬರೆದವರ ಹೆಸರು ಮನೆಯ 1908ರ ಕ್ರಯಪತ್ರದಲ್ಲಿ ಇದೆ, ಆದರೆ ತೀರಿಕೊಂಡವರು ಎಂದು. ಉಳಿಯುವುದು 1852.

ಇದನ್ನು ಹೇಳಿದಾಗ ಅಜ್ಜಿಯ ಮುಖ ಸಪ್ಪಗಾಯಿತು. "ಹಂಗಾದ್ರೆ ಟಿಪ್ಪು ಇಲ್ವಾ?" ಅಂದರು. ಇಲ್ಲ ಅಜ್ಜಿ. ಆದರೆ ನನ್ನ ಮಟ್ಟಿಗೆ 1852 ಹೆಚ್ಚು ದೊಡ್ಡ ವಿಷಯ. ಮೈಸೂರಿನ ಆಳ್ವಿಕೆ ಹೋಗಿ ಅರವತ್ತು ವರ್ಷ ಕಳೆದಿತ್ತು. ಸರ್ಕಾರದ ಒತ್ತಾಯವಾಗಲಿ, ಶಾಲೆಯ ಪಾಠವಾಗಲಿ ಇದರ ಹಿಂದೆ ಕಾಣುವುದಿಲ್ಲ. ಆದರೂ ನೇಕಾರನೊಬ್ಬ ತನ್ನ ಸ್ವಂತ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಂಡಿದ್ದಾನೆ. ನಮ್ಮ ಸೀಮೆಯ ಕನ್ನಡವನ್ನು ನಾವು ಶಾಸನಗಳಲ್ಲೇ ಹುಡುಕುತ್ತೇವೆ; 893ರ ಧರ್ಮಪುರಿಯ ನೊಳಂಬ ಶಾಸನ ಎಲ್ಲರಿಗೂ ಗೊತ್ತು. ಮನೆಯ ಬಾಕಿ ಲೆಕ್ಕವನ್ನೂ ಅಷ್ಟೇ ಗಂಭೀರವಾಗಿ ಓದಬೇಕು ಅನ್ನುವುದು ನನ್ನ ವಾದ.

ಒಂದು ಮನವಿ. ನಿಮ್ಮ ಮನೆಗಳಲ್ಲೂ ಇಂಥದ್ದು ಇದ್ದರೆ ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಮೊದಲು ಫೋಟೊ ತೆಗೆಯಿರಿ. ನಮ್ಮ ಕಡತ ಈಗಲೂ ದೇವರ ಕೋಣೆಯಲ್ಲೇ ಇದೆ. ಕುಂಕುಮವನ್ನು ಮಾತ್ರ ಅಜ್ಜಿ ಈಗ ಅದನ್ನು ಸುತ್ತಿಟ್ಟ ಬಟ್ಟೆಯ ಮೇಲೆ ಇಡುತ್ತಾರೆ.